ಎಲೆ ಊದುವವನ ಮನೆಯ ಅಳು

ಕಾಡನ್ನು ಸಾಲು ಹಿಡಿದು ನೆಡಬಹುದು ಎಂಬುದು ಜಗಳೂರು ಕಡೆಯವನಾದ ನನಗೆ ನೌಕರಿಗೆ ಸೇರುವವರೆಗೂ ತಿಳಿದಿರಲಿಲ್ಲ. ನಮ್ಮಲ್ಲಿ ಕಾಡೆಂದರೆ ಜಾಲಿ, ಕಾರೆ, ಕವಳೆ. ಯಾರೂ ನೆಟ್ಟಿದ್ದಲ್ಲ, ಯಾರು ಬೇಡವೆಂದರೂ ಹೋಗುವಂಥದ್ದಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ನನ್ನನ್ನು ನ್ಯಾಮತಿಯಿಂದಾಚೆಗಿನ ಒಂದು ಹಳ್ಳಿಯ ಏಕೋಪಾಧ್ಯಾಯ ಶಾಲೆಗೆ ಹಾಕಿದರು. ಬಸ್ಸಿಳಿದು ಇನ್ನೂ ಒಂದು ತಾಸು ನಡೆಯಬೇಕು. ಊರಿನ ಬೆನ್ನಿಗೇ ಅರಣ್ಯ ಇಲಾಖೆಯ ನೆಡುತೋಪು. ಒಂದು ಕಡೆ ತೇಗ, ಇನ್ನೊಂದು ಕಡೆ ನೀಲಗಿರಿ. ಮರಗಳು ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಕೈಯಳತೆಯ ಅಂತರ ಬಿಟ್ಟು ನಿಂತಿದ್ದವು. ನನ್ನ ಶಾಲೆಯಲ್ಲಿ ಅಷ್ಟು ನೇರವಾದ ಸಾಲನ್ನು ಒಂದು ದಿನವೂ ಕಂಡವನಲ್ಲ ನಾನು. ಊರಿಗೂ ತೋಪಿಗೂ ನಡುವೆ ದನ ನುಗ್ಗದಿರಲೆಂದು ಇಲಾಖೆಯವರು ತೋಡಿಸಿದ ಕಂದಕವಿತ್ತು. ಊರವರು ಅದನ್ನು ಟ್ರಂಚು ಎನ್ನುತ್ತಿದ್ದರು. ಅದನ್ನು ಇಳಿದು ಹತ್ತುವ ವಿದ್ಯೆಯನ್ನು ದನಗಳು ಮೊದಲ ಮಳೆಗಾಲದಲ್ಲೇ ಕಲಿತುಬಿಟ್ಟಿದ್ದವಂತೆ.

ತೋಪಿನೊಳಗೆ ಕಾಡುಕುರಿ ಇದ್ದವು. ಹೆಸರಿಗೆ ಕುರಿ, ನೋಡಲು ಮೇಕೆಯೆತ್ತರದ ಕೆಂಚು ಜಿಂಕೆ. ಗುಂಪು ಕಟ್ಟುವುದಿಲ್ಲ, ಒಂಟೊಂಟಿಯಾಗಿ ತಿರುಗುತ್ತದೆ, ಹೆದರಿದರೆ ನಾಯಿಯ ಹಾಗೆ ಬೊಗಳುತ್ತದೆ. ಬೇಸಿಗೆಯ ಬೆಂಕಿ ಹರಡದಿರಲೆಂದು ಇಲಾಖೆ ಪ್ರತಿವರ್ಷ ತೋಪಿನ ನಡುವೆ ಅಗಲವಾದ ಗೆರೆಗಳನ್ನು ಸವರಿಸಿ ಸುಡಿಸುತ್ತಿತ್ತು. ಸುಟ್ಟ ಗೆರೆಯಲ್ಲಿ ಹುಲ್ಲು ಚಿಗುರುತ್ತಿತ್ತು. ಚಿಗುರಿಗೆ ಕಾಡುಕುರಿ ಬರುತ್ತಿತ್ತು. ಕಾಡುಕುರಿಗೆ ಊರಿನ ಕೆಲವರು ಹೋಗುತ್ತಿದ್ದರು. ಹೀಗೆ ಇಲಾಖೆಯ ಯೋಜನೆಯೊಂದು ಇಲಾಖೆಗೂ ಗೊತ್ತಿಲ್ಲದಷ್ಟು ಫಲ ಕೊಡುತ್ತಿತ್ತು.

ಬೇಟೆ ಕೂಡದೆಂಬ ಕಾನೂನು ಆಗಲೇ ಬಂದಿತ್ತು. ಊರಿಗೆ ಅದು ತಿಳಿಯದ ವಿಷಯವೇನಲ್ಲ. ದೂರದ ನೆಂಟರ ಮನೆಯ ಸೂತಕದಂತೆ ಅದನ್ನು ಗೌರವದಿಂದ ಕೇಳಿಸಿಕೊಂಡು ಸುಮ್ಮನಿದ್ದರು. ತೋಪಿಗೆ ಒಬ್ಬ ಗಾರ್ಡು ಇದ್ದ. ಬರುವಾಗ ಅರ್ಧ ಮೈಲಿಯಿಂದಲೇ ಕೆಮ್ಮುತ್ತಾ ಬರುತ್ತಿದ್ದ. ಪಾಪ, ಎದೆಗೂಡಿನ ಕಾಯಿಲೆಯೇನೋ ಎಂದು ನಾನು ಬಹಳ ದಿನ ಮರುಗಿದೆ. ಹಿಡಿಯಬೇಕಾದವರು ಎಲ್ಲಿ ಎದುರಿಗೇ ಸಿಕ್ಕಿಬಿಡುತ್ತಾರೋ ಎಂಬ ದಿಗಿಲಿಗೆ ಕೆಮ್ಮುತ್ತಾನೆ ಎಂದು ಆಮೇಲೆ ಗೊತ್ತಾಯಿತು.

ಬೇಟೆಯವರು ಏಳೆಂಟು ಮಂದಿ. ಅವರಲ್ಲಿ ಮೂವರನ್ನು ಹೇಳಿದರೆ ಸಾಕು. ಮೊದಲನೆಯವರು ಗೌಡರು. ಬೆಳೆ ಕಾಯಲೆಂದು ಲೈಸೆನ್ಸು ಪಡೆದ ಬಂದೂಕು ಅವರದು. ಬೆಳೆಯನ್ನು ಅವರು ತೋಪಿನೊಳಗೆ ಬಹಳ ದೂರದವರೆಗೂ ಹೋಗಿ ಕಾಯುತ್ತಿದ್ದರು. ಎರಡನೆಯವನು ಅಜ್ಜ. ಬಂದೂಕು ಹಿಡಿದವನಲ್ಲ, ಆದರೆ ಬಿದ್ದ ಪ್ರಾಣಿಯನ್ನು ಕೊಯ್ದು ಪಾಲು ಹಾಕುವವನು ಅವನೇ. ಬೇಟೆಯ ವಿಷಯದಲ್ಲಿ ಹಿಂದಿನಿಂದ ಬಂದ ಕಟ್ಟಳೆಯೆಲ್ಲ ಅವನ ಬಾಯಲ್ಲಿತ್ತು. ಪಾಲು ಹಾಕುವಾಗ ಅಲ್ಲಿ ನಿಂತವನಿಗೆ, ದಾರಿಹೋಕನೇ ಆಗಲಿ, ಒಂದು ಪಾಲು ಕೊಡಲೇಬೇಕೆಂಬುದು ಅದರಲ್ಲಿ ಒಂದು. ನನ್ನ ಪಾಲೂ ಮುತ್ತುಗದ ಎಲೆಯಲ್ಲಿ ಸುತ್ತಿ ಬರುತ್ತಿತ್ತು. ಶಿಕ್ಷಣ ಇಲಾಖೆಯವನು ಅರಣ್ಯ ಇಲಾಖೆಯ ವ್ಯವಹಾರದಲ್ಲಿ ತಲೆ ಹಾಕುವುದು ತರವಲ್ಲವೆಂದು ನಾನು ಅದನ್ನು ತಿಂದು ಸುಮ್ಮನಾಗುತ್ತಿದ್ದೆ.

ಮೂರನೆಯವನು ಎಲೆ ಊದುವವನು. ಗೌಡರ ಹೊಲದಲ್ಲೇ ದುಡಿಯುತ್ತಿದ್ದ, ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಆಳು. ಎಳೆಯ ಎಲೆಯೊಂದನ್ನು ಎರಡು ಹೆಬ್ಬೆರಳ ನಡುವೆ ಬಿಗಿ ಹಿಡಿದು ಊದಿದನೆಂದರೆ ತಾಯಿಯನ್ನು ಕಳೆದುಕೊಂಡ ಕಾಡುಕುರಿಯ ಮರಿಯ ಕೂಗು ಹೊರಡುತ್ತಿತ್ತು. ಅದನ್ನು ಮೊದಲ ಸಲ ಕೇಳಿದಾಗ ನಾನು ಶಾಲೆಯ ಕಟ್ಟೆಯ ಮೇಲಿಂದ ದಡಕ್ಕನೆ ಎದ್ದು, ಯಾರದೋ ಕೂಸು ತೋಪಿನಲ್ಲಿ ಬಿದ್ದಿದೆ ಎಂದು ಓಡಲು ಹೊರಟಿದ್ದೆ. ಊರವರು ನಕ್ಕು ಕೂರಿಸಿದರು. ಆ ಕೂಗಿಗೆ ಹೆಣ್ಣು ಕಾಡುಕುರಿ ಬರುತ್ತದೆ. ತನ್ನ ಮರಿಯಿದ್ದರೂ ಬರುತ್ತದೆ, ಇಲ್ಲದಿದ್ದರೂ ಒಮ್ಮೊಮ್ಮೆ ಬರುತ್ತದೆ. ಗೌಡರ ಗುರಿ ಅಷ್ಟೇನೂ ಹೆಸರುವಾಸಿಯಲ್ಲ. ಪ್ರಾಣಿ ಇಪ್ಪತ್ತು ಮಾರಿನೊಳಗೆ ಬಂದು ನಿಂತರೆ ಮಾತ್ರ ಅವರಿಗೂ ಬಂದೂಕಿಗೂ ಹೊಂದಾಣಿಕೆ. ಆದ್ದರಿಂದ ಎಲೆಯಿಲ್ಲದೆ ಆ ಊರಿನಲ್ಲಿ ಬೇಟೆಯೇ ಇಲ್ಲ.

ಅವನ ಮನೆ ಊರಿನ ಕೊನೆಯದು, ಹಿತ್ತಲು ಟ್ರಂಚಿಗೇ ತಾಗಿತ್ತು. ಹೆಂಡತಿ ಹೊನ್ನಾಳಿ ಕಡೆಯ ಹೊಳೆಸಾಲಿನವಳು. ಎರಡು ಕೂಸು ಕಳೆದುಕೊಂಡಿದ್ದರು. ಮೊದಲನೆಯದು ಹೊಟ್ಟೆಯಲ್ಲೇ ಹೋಯಿತು, ಎರಡನೆಯದು ಹೆಸರಿಡುವ ಮೊದಲೇ. ನಾನು ಊರಿಗೆ ಹೋದ ಮರುವರ್ಷ ಅವಳು ಮತ್ತೆ ಬಸುರಾದಳು. ಈ ಕೂಸು ಉಳಿಯಬೇಕು ಎಂಬುದೊಂದನ್ನು ಬಿಟ್ಟು ಅವನ ತಲೆಯಲ್ಲಿ ಇನ್ನೇನೂ ಉಳಿಯಲಿಲ್ಲ. ಹೆಂಡತಿ ಬಸುರಾಗಿದ್ದಾಗ ಗಂಡನಾದವನು ಜೀವ ತೆಗೆಯಬಾರದು, ಹೆಣ ಹೊರಬಾರದು, ಕ್ಷೌರ ಮಾಡಿಸಬಾರದು. ಹಿಂದಿನ ಎರಡು ಸಲ ಈ ಕಟ್ಟಳೆಗಳನ್ನು ಸಡಿಲ ಬಿಟ್ಟಿದ್ದೇ ತಪ್ಪಾಯಿತೆಂದು ಅವನು ತೀರ್ಮಾನಿಸಿಕೊಂಡಿದ್ದ. ಈ ಸಲ ಗಡ್ಡ ಎದೆಗಿಳಿಯಿತು. ಹಾವು ಕಂಡರೆ ದಾರಿ ಬಿಟ್ಟು ನಿಂತ. ಹಾಸಿಗೆಯ ತಿಗಣೆಗಳಿಗೂ ಅಭಯ ಸಿಕ್ಕಿತು. ಅವು ಅದನ್ನು ಪೂರ್ತಿಯಾಗಿ ಉಪಯೋಗಿಸಿಕೊಂಡವು. ಬೆಳಿಗ್ಗೆ ಅವನು ಮೈ ಕೆರೆಯುತ್ತಾ ಬರುವುದನ್ನು ಕಂಡರೆ ಯಾರೋ ಸಣ್ಣ ಪಂಥದ ಸನ್ಯಾಸಿಯಂತೆ ಕಾಣುತ್ತಿದ್ದ.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಅವಳಿಗೆ ಕಾಡುಕುರಿ ಮಾಂಸದ ಮೇಲೆ ಬಯಕೆಯಾಯಿತು.

ಸಭೆ ನನ್ನ ಶಾಲೆಯ ಕಟ್ಟೆಯ ಮೇಲೆ ಸೇರಿತು. ಊರಿನಲ್ಲಿ ನೆರಳಿದ್ದ ಕಟ್ಟೆ ಅದೊಂದೇ.

"ಬಯಕೆ ತೀರ್ಸದಿದ್ರೆ ಹುಟ್ಟಿದ ಮಗೀನ ಕಿವಿ ಸೋರ್ತಾವೆ ಕಣ್ರಪ್ಪ," ಎಂದು ಅಜ್ಜ ಶುರುಮಾಡಿದ. "ನಮ್ಮ ಅಕ್ಕನ ಮಗಂದು ಇವತ್ತಿಗೂ ಸೋರ್ತೈತೆ."

"ಅವನಿಗೆ ಅರವತ್ತಾತಲ್ಲೋ ಅಜ್ಜ," ಎಂದರು ಗೌಡರು.

"ಆಗ್ಲಿ. ಅವರವ್ವಂಗೆ ಹಲಸಿನ ಹಣ್ಣು ಸಿಗಲಿಲ್ಲ."

ಸಾಕ್ಷ್ಯ ಇಷ್ಟು ಬಲವಾಗಿದ್ದಾಗ ಯಾರೂ ಎದುರು ಮಾತಾಡುವಂತಿರಲಿಲ್ಲ. ಎಲೆ ಊದುವವನು ಮಾತ್ರ ನೆಲ ನೋಡುತ್ತಾ ಹೇಳಿದ: "ನನ್ನ ಈ ಸಲ ಕರೀಬ್ಯಾಡ್ರಿ ಗೌಡ್ರೆ. ನಾನು ಬರಾಕಿಲ್ಲ."

"ನೀನು ಹೊಡೀಬ್ಯಾಡೋ ಮಾರಾಯ. ಹೊಡಿಯಾದು ನಾನು. ನೀನು ಸುಮ್ನೆ ಊದು."

"ಊದಿದ್ರೆ ಬರ್ತೈತಲ್ರಿ."

"ಬರಾದು ಬಿಡಾದು ಅದರ ಇಷ್ಟ. ನೀನೇನು ಹಗ್ಗ ಹಾಕಿ ಎಳ್ಕಂಬರ್ತೀಯೇನು?"

"ಹಂಗಲ್ರಿ..."

"ಮತ್ತೆ ಹೆಂಗೆ?"

ಎಲ್ಲರೂ ಅಜ್ಜನ ಕಡೆ ತಿರುಗಿದರು. ಅಜ್ಜ ವೀಳ್ಯದೆಲೆಯ ತೊಟ್ಟು ತೆಗೆದ, ಸುಣ್ಣ ಹಚ್ಚಿದ, ಕುಟ್ಟಿದ ಅಡಿಕೆ ಇಟ್ಟ, ಮಡಿಸಿದ, ಬಾಯಿಗೆ ಹಾಕಿಕೊಂಡ. ಹೈಕೋರ್ಟಿನಲ್ಲೂ ತೀರ್ಪಿಗೆ ಮುಂಚೆ ಅಷ್ಟು ಮೌನ ಇರುತ್ತದೋ ಇಲ್ಲವೋ.

"ಕೂಗಿದ್ದು ಕೊಂದಂಗಲ್ಲ," ಎಂದ ಅಜ್ಜ ಕೊನೆಗೆ. "ಮದಿವೀಗೆ ಕರಿಯಾಕೆ ಬಂದೋನು ಗಂಡಾಗ್ತಾನೇನು? ಕರೆಯೋನು ಬ್ಯಾರೆ, ತಾಳಿ ಕಟ್ಟೋನು ಬ್ಯಾರೆ."

ಸಭೆ ಹಗುರಾಯಿತು. ಆಮೇಲೆ ಅಜ್ಜ ಷರತ್ತುಗಳನ್ನು ಹಾಕಿದ. ಊದುವವನು ಪ್ರಾಣಿಗೆ ಬೆನ್ನು ಮಾಡಿ ಕೂರಬೇಕು. ಬಿದ್ದದ್ದನ್ನು ನೋಡಬಾರದು, ಮುಟ್ಟಬಾರದು. ಮೈತೊಳೆದೇ ಮನೆಯೊಳಗೆ ಕಾಲಿಡಬೇಕು. ಪಾಲಿನ ಪ್ರಶ್ನೆ ಬಂತು: ಪಾಲು ತಗೊಂಡರೆ ಬೇಟೆಯಾಡಿದ ಹಾಗಾಯಿತು, ಕೊಡದಿದ್ದರೆ ಅಲ್ಲಿದ್ದವನಿಗೆ ಪಾಲಿಲ್ಲವೆಂದಾಯಿತು. ಪಾಲು ಗಂಡನಿಗಲ್ಲ, ಬಸುರಿಗೆ. ಅದನ್ನು ತಲುಪಿಸುವವನು ಮೇಷ್ಟ್ರು ಎಂದು ಇತ್ಯರ್ಥವಾಯಿತು. ಹೀಗೆ ನಾನು ವಿನಾಕಾರಣ ಕಡತದೊಳಗೆ ಸೇರಿಕೊಂಡೆ.

ಭಾನುವಾರ ಬೆಳಿಗ್ಗೆ ಹೊರಟೆವು. ಇಬ್ಬನಿಯಲ್ಲಿ ನೆನೆದ ತೇಗದ ಎಲೆ ಕಾಲ ಕೆಳಗೆ ಸದ್ದು ಮಾಡುತ್ತಿರಲಿಲ್ಲ. ಸುಟ್ಟ ಗೆರೆಯ ಅಂಚಿನಲ್ಲಿ ಒಂದು ಹುತ್ತದ ಮರೆಗೆ ಗೌಡರು ಬಂದೂಕು ಊರಿದರು. ಎಲೆ ಊದುವವನು ಷರತ್ತಿನ ಪ್ರಕಾರ ನಮ್ಮ ಕಡೆ ಮುಖ, ಗೆರೆಯ ಕಡೆ ಬೆನ್ನು ಮಾಡಿ ಕೂತ. ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಬೇಕೆಂದು ಅಜ್ಜ ಹೇಳಿರಲಿಲ್ಲ. ಅದು ಅವನೇ ಸೇರಿಸಿದ್ದು.

ಊದಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ.

ಹಿಂದೆ ನಾನು ಕೇಳಿದ್ದ ಪ್ರಕಾರ ಕಾಡುಕುರಿ ಬರುವುದು ಹೆಜ್ಜೆಗೊಮ್ಮೆ ನಿಂತು, ಮೂಗೆತ್ತಿ, ಅನುಮಾನಿಸುತ್ತಾ. ಅವತ್ತು ಬಂದದ್ದು ಹಾಗೆ ಬರಲಿಲ್ಲ. ತೇಗದ ಎರಡು ಸಾಲುಗಳ ನಡುವೆ ದೂರದಿಂದಲೇ ಕಾಣಿಸಿತು. ತಲೆ ತಗ್ಗಿಸಿಕೊಂಡು ಓಡುತ್ತಾ, ಮನೆಯಲ್ಲಿ ಏನೋ ಆಗಿದೆಯೆಂದು ಸುದ್ದಿ ಕೇಳಿದ ಹೆಂಗಸು ಗದ್ದೆಯಿಂದ ಬರುವ ಹಾಗೆ ನೇರವಾಗಿ ಬಂದು ಗೆರೆಯ ನಡುವೆ ನಿಂತಿತು. ಗೌಡರು ತಪ್ಪಿಸುವುದಕ್ಕೆ ಸಾಧ್ಯವೇ ಇರಲಿಲ್ಲ.

"ಬಿತ್ತೇನ್ರಿ?" ಎಂದು ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

"ಬಿತ್ತು."

"ಗಂಡೋ ಹೆಣ್ಣೋ?"

"ಕುರಿ," ಎಂದರು ಗೌಡರು.

ಅಜ್ಜ ಚೂರಿ ತೆಗೆದು ಬಗ್ಗಿದವನು ಹಾಗೇ ನಿಂತ. ನಾನು ಇಣುಕಿದೆ. ಕೆಚ್ಚಲು ತುಂಬಿತ್ತು, ಹಾಲು ಒಣಗಿದ ಎಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಜ್ಜ ನಮ್ಮೆಲ್ಲರ ಮುಖ ನೋಡಿ, ಬಾಯಿಯ ಮೇಲೆ ಬೆರಳಿಟ್ಟು, ಬೆನ್ನು ತೋರಿಸಿ ಕೂತಿದ್ದವನ ಕಡೆ ಸನ್ನೆ ಮಾಡಿದ.

ಆಗ ತೇಗದ ಒಳಗಡೆಯಿಂದ, ಅದು ಬಂದ ದಿಕ್ಕಿನಿಂದಲೇ, ಎಲೆ ಊದಿದ ದನಿ ಕೇಳಿತು.

ಎಲ್ಲರೂ ಅವನನ್ನು ನೋಡಿದೆವು. ಅವನ ಕೈ ಮೊಳಕಾಲ ಮೇಲೆ ಬಿಡಿಯಾಗಿ ಬಿದ್ದಿತ್ತು. ಎಲೆ ನೆಲದ ಮೇಲಿತ್ತು. ದನಿ ಮತ್ತೊಮ್ಮೆ ಬಂತು, ಅದೇ ಎಳೆತ, ಕೊನೆಯಲ್ಲಿ ಅದೇ ಒಡಕು.

"ಅದು ನಾನಲ್ಲ," ಎಂದ ಅವನು. ಕಣ್ಣು ಬಿಟ್ಟಿದ್ದ.

ಮರಿಯನ್ನು ಹುಡುಕೋಣವೆಂದು ನಾನು ಹೇಳಿದೆ. ಹುಡುಕಿದೆವು ಕೂಡ. ಸಾಲು ಸಾಲು ತಿರುಗಿದರೂ ಸಿಗಲಿಲ್ಲ. ನಾವು ಹತ್ತಿರ ಹೋದಂತೆ ಅದು ಸುಮ್ಮನಾಗುತ್ತಿತ್ತು, ದೂರ ಬಂದರೆ ಕೂಗುತ್ತಿತ್ತು. ಬಿಸಿಲೇರಿತು. ಗಾರ್ಡಿನ ಕೆಮ್ಮು ಕೇಳಿತು. ಹೊರಟುಬಂದೆವು.

ಬಸುರಿಯ ಪಾಲನ್ನು ನಾನು ತಲುಪಿಸಿದೆ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಅವಳೇ ಅರೆದು, ಅವಳೇ ಬೇಯಿಸಿ, ಎರಡು ಸಲ ಬಡಿಸಿಕೊಂಡು ಉಂಡಳಂತೆ. ಅವನು ಅವತ್ತು ಮೈತೊಳೆಯಲು ಹಳ್ಳಕ್ಕೆ ಹೋದವನು ದೀಪ ಹಚ್ಚುವ ಹೊತ್ತಿನವರೆಗೂ ಬರಲಿಲ್ಲ. ಆಮೇಲೆ ಎಲೆಯನ್ನು ಬಾಯಿಗಿಟ್ಟಿದ್ದನ್ನು ನಾನು ನೋಡಲಿಲ್ಲ.

ಹೆರಿಗೆ ಹೊನ್ನಾಳಿಯ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣುಕೂಸು, ತಾಯಿ ಮಗು ಇಬ್ಬರೂ ಸುಖ. ಸಂಬಳ ತರಲು ಹೋಗಿದ್ದ ನಾನು ಹಾಗೇ ನೋಡಿಕೊಂಡು ಬರೋಣವೆಂದು ಹೋದರೆ, ಒಳಗೆ ಹೆಂಗಸರು ನಗುತ್ತಿದ್ದರು, ಅವನು ಹೊರಗೆ ಮೆಟ್ಟಿಲ ಮೇಲೆ ಗಡ್ಡದ ಸಮೇತ ಕೂತಿದ್ದ.

"ಏನಪ್ಪ, ಒಳಗೆ ಕೂಸು ಅಳ್ತೈತೆ, ನೀನಿಲ್ಲಿ ಕೂತಿದೀಯ?"

"ಕೇಳ್ರಿ ಮೇಷ್ಟ್ರೆ," ಎಂದ. "ಅದೇ ದನಿ."

"ಹುಟ್ಟಿದ ಕೂಸೆಲ್ಲ ಹಂಗೇ ಅಳ್ತಾವೋ."

"ಹೌದ್ರಿ." ಆಮೇಲೆ ಹೇಳಿದ: "ಮೊದಲನೇ ಸಲ ಎಲೆ ಊದಾಕೆ ಕಲಿಸಿದಾಗ ನಮ್ಮಪ್ಪ ಹೇಳಿದ್ದೂ ಅದೇ. ಎಳೇ ಕೂಸು ಅತ್ತಂಗೆ ಊದು ಅಂತ."

ಮನೆಗೆ ಕರೆತಂದ ಮೇಲೆ ನಡೆದದ್ದನ್ನು ಮೊದಲು ಕಂಡವಳು ಕೂಸಿನ ತಾಯಿಯೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದಾಗ ತೊಟ್ಟಿಲಲ್ಲಿ ಕೂಸು ಅತ್ತಿತು. ತಲೆಯೆತ್ತಿದರೆ ಟ್ರಂಚಿನ ಆಚೆ, ಮರದ ಮೊದಲ ಸಾಲಿನಲ್ಲಿ ಕಾಡುಕುರಿಯೊಂದು ನಿಂತು ಮನೆಯ ಕಡೆ ಕಿವಿ ಮಾಡಿತ್ತು. ಎತ್ತಿಕೊಂಡು ಹಾಲು ಕೊಟ್ಟಳು; ಅಳು ನಿಂತಿತು; ಅದು ಹೋಯಿತು. ಮರುದಿನ ಬೆಳಗಾಗುವಾಗ ಮತ್ತೆ ಹಾಗೇ. ಮೂರನೆಯ ಸಲ ಅವಳು ಗಂಡನನ್ನು ಕರೆದು, ನೋಡು ಚೆಂದ ಐತೆ ಎಂದು ತೋರಿಸಿದಳಂತೆ. ಅವನು ನೋಡಿ ಅಲ್ಲೇ ಕೂತು, ಆ ಭಾನುವಾರದ್ದನ್ನೆಲ್ಲ ಅವಳಿಗೆ ಹೇಳಿದ. ಕೆಚ್ಚಲಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಅದನ್ನೂ ಸೇರಿಸಿಯೇ ಹೇಳಿದ. ಆ ಕೂಗು ಕೇಳಿದಾಗಲೇ ಅವನಿಗೆ ತಿಳಿದಿತ್ತು.

ಬಂದದ್ದು ಯಾವುದು, ಯಾಕೆ ಬರುತ್ತಿತ್ತು ಎಂಬ ವಿಚಾರದಲ್ಲಿ ನನ್ನ ಶಾಲೆಯ ಕಟ್ಟೆ ಎರಡು ಪಕ್ಷವಾಯಿತು. ಮರಿ ಕೂಗಿದರೆ ಬರುವ ಪ್ರಾಣಿ ಕೂಸು ಅತ್ತರೂ ಬರುತ್ತದೆ, ಅದರ ಕಿವಿಗೆ ವ್ಯತ್ಯಾಸವಿಲ್ಲ ಎಂದು ಗೌಡರು. ಹಾಗಾದರೆ ಊರಲ್ಲಿ ಇಷ್ಟು ಮನೆಯಲ್ಲಿ ಇಷ್ಟು ಕೂಸು ಅಳುತ್ತಾವಲ್ಲ, ಈ ಮನೆಗೇ ಯಾಕೆ ಬರುತ್ತದೆ ಎಂದು ಅಜ್ಜ. ಟ್ರಂಚಿಗೆ ತಾಗಿದ ಮನೆ ಅದೊಂದೇ ಎಂದು ನಾನು ಹೇಳಿದೆ. ಸರಿಯಾದ ಮಾತೇ. ಆದರೂ ಆ ಮಾತು ಹೇಳಿದ ದಿನ ನಾನು ಸಂಜೆ ಆ ಹಿತ್ತಲಿನ ಕಡೆ ಹೋಗದೆ ಸುತ್ತು ಬಳಸಿ ಕೋಣೆ ಸೇರಿದೆ.

ಎಲೆ ಊದುವವನಿಗೆ ಪಕ್ಷವೇ ಇರಲಿಲ್ಲ. ಕರೆದದ್ದಕ್ಕೆ ಬಂದಿದೆ, ಬಂದದ್ದು ತನ್ನದನ್ನು ತಗೊಂಡು ಹೋಗುತ್ತದೆ ಎಂಬಷ್ಟೇ. ಮಗುವನ್ನು ಅಳಲು ಬಿಡಬಾರದು ಎಂದು ಕಟ್ಟಪ್ಪಣೆ ಮಾಡಿದ.

ಮಗುವನ್ನು ಅಳಿಸದೆ ಸಾಕುವುದೆಂದರೆ ಒಂದು ಸೈನ್ಯ ಬೇಕು. ಬೇಟೆಯ ಗುಂಪೇ ಆ ಸೈನ್ಯವಾಯಿತು. ಯಾರೂ ಕರೆಯಲಿಲ್ಲ. ಆ ಭಾನುವಾರ ತೋಪಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ, ಸುಮ್ಮನೆ ಬಂದವರಂತೆ ಬಂದು, ಎತ್ತಿಕೊಂಡರು. ಮೀಸೆ ಹುರಿ ಮಾಡಿಕೊಂಡು ತೋಪಿಗೆ ಹೋಗುತ್ತಿದ್ದ ಗಂಡಸರು ಈಗ ಹೆಗಲ ಮೇಲೆ ಬಟ್ಟೆಯ ಗಂಟಿನಷ್ಟಿದ್ದ ಕೂಸನ್ನು ಹಾಕಿಕೊಂಡು ಊರ ಬೀದಿಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದರು. ಅಜ್ಜನ ಪಾಳಿ ಬೆಳಿಗ್ಗೆ. ಹಲ್ಲಿಲ್ಲದ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ನನ್ನ ಪಾಳಿ ಶಾಲೆಯ ಹೊತ್ತಿನಲ್ಲಿ. ಮಕ್ಕಳು ಮಗ್ಗಿಯನ್ನು ಪಿಸುಮಾತಿನಲ್ಲಿ ಹೇಳುವುದನ್ನು ಕಲಿತರು. ಒಂದು ಸಲ ಇನ್‌ಸ್ಪೆಕ್ಟರು ಬಂದು, ಮೇಷ್ಟ್ರ ಕಂಕುಳಲ್ಲಿ ಕೂಸು, ಹದಿನೇಳರ ಮಗ್ಗಿ ಗುಟ್ಟು ಹೇಳಿದಂತೆ ನಡೆಯುತ್ತಿರುವುದನ್ನು ಕಂಡು, ಏನೋ ಹೊಸ ಬೋಧನಾ ಪದ್ಧತಿ ಇರಬೇಕೆಂದು ಮೆಚ್ಚಿಕೊಂಡು ಹೋದರು.

ಊರಿನಲ್ಲಿ ಅಷ್ಟು ನಿಶ್ಶಬ್ದದ ಮನೆ ಇನ್ನೊಂದಿರಲಿಲ್ಲ. ಒಳಗೆ ಕೂಸಿದೆ ಎಂದು ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಹಿತ್ತಲಲ್ಲಿ ಕಾಡುಕುರಿ ಕಾಣಿಸುವುದೂ ನಿಂತಿತು. ಆದರೆ ಅವನು ಕೆಲಸದಿಂದ ಬಂದವನು ಮೊದಲು ಹಿತ್ತಲಿಗೆ ಹೋಗಿ, ಟ್ರಂಚಿನ ಆಚೆಯ ಹಸಿ ಮಣ್ಣಿನಲ್ಲಿ ಗೊರಸಿನ ಗುರುತಿದೆಯೇ ನೋಡಿ, ಆಮೇಲೆ ಮಗುವಿನ ಮುಖ ನೋಡುತ್ತಿದ್ದ.

ಮಳೆಗಾಲ ಮುಗಿಯುವಾಗ ಕೂಸಿನ ಕಿವಿ ಸೋರತೊಡಗಿತು.

ಬಯಕೆ ತೀರಿಸಿದ್ದಾಗಿತ್ತು, ಆದರೂ ಸೋರಿತು. ಅಜ್ಜ ಎಲೆ ಅಡಿಕೆಯ ಚೀಲವನ್ನೇ ಬಿಚ್ಚಲಿಲ್ಲ. ಕಿವಿನೋವಿನ ಕೂಸನ್ನು ಯಾವ ಹೆಗಲೂ ಸಮಾಧಾನ ಮಾಡದು. ನಾನು ನ್ಯಾಮತಿಗೆ ಹೋಗಿ ಕಾಂಪೌಂಡರನ್ನು ಕೇಳಿ ಕಿವಿಗೆ ಬಿಡುವ ಔಷಧಿ ತಂದೆ. ಅದನ್ನು ಕೊಡಲು ಸಂಜೆ ಅವನ ಮನೆಗೆ ಹೋದರೆ, ಒಳಗೆ ಕೂಸು ಕಿರುಚುತ್ತಿತ್ತು, ಹಿತ್ತಲಲ್ಲಿ ಹುಲ್ಲಿನ ಬಣವೆಯ ಮರೆಗೆ ಗೌಡರು ಕಂಬಳಿ ಹೊದ್ದು ಕೂತಿದ್ದರು. ಕಂಬಳಿಯೊಳಗಿಂದ ಬಂದೂಕಿನ ತುದಿ ಕಾಣುತ್ತಿತ್ತು. ಅವನು ಹಿತ್ತಲ ಬಾಗಿಲಲ್ಲಿ ನಿಂತಿದ್ದ.

ಗೌಡರಿಗೆ ಮರುದಿನ ಚನ್ನಗಿರಿಯಿಂದ ಬೀಗರು ಬರುವವರಿದ್ದರು. ಕಾಡುಕುರಿ ಉಣಿಸುತ್ತೇನೆಂದು ಮಾತು ಕೊಟ್ಟಿದ್ದರು. ಎಲೆ ಊದುವವನು ಊದುವುದನ್ನು ಬಿಟ್ಟಾಗಿನಿಂದ ಅವರ ಬಂದೂಕು ಬೆಳೆಯನ್ನಷ್ಟೇ ಕಾಯುತ್ತಿತ್ತು.

"ಔಷಧಿ ಆಮೇಲೆ ಹಾಕ್ರಿ ಮೇಷ್ಟ್ರೆ," ಎಂದರು ಗೌಡರು ಮೆಲ್ಲಗೆ. "ಒಂದು ಗಳಿಗೆ ಅಳ್ಲಿ."

"ಗೌಡ್ರೆ, ಬ್ಯಾಡ್ರಿ," ಎಂದ ಅವನು. ಅವರ ಅನ್ನ ತಿನ್ನುವವನು.

"ಯಾಕೋ? ಅವತ್ತು ತೀರ್ಪಾಗೈತಲ್ಲ. ಕೂಗಿದ್ದು ಕೊಂದಂಗಲ್ಲ ಅಂತ. ನಿನಗೊಂದು ನ್ಯಾಯ, ನಿನ್ನ ಮಗಳಿಗೊಂದು ನ್ಯಾಯ ಐತೇನು?"

ನಾನು ಏನೋ ಹೇಳಲು ಬಾಯಿ ತೆರೆದೆ. ಗೌಡರು ಕೈಯೆತ್ತಿದರು. ಆಚೆ ಕಾಡುಕುರಿ ಬಂದಿತ್ತು.

ಟ್ರಂಚಿನ ಅಂಚಿಗೇ ಬಂದು ನಿಂತಿತ್ತು, ಹಿಂದೆಂದೂ ಬರದಷ್ಟು ಹತ್ತಿರ. ಮುಂಗಾಲಿನಿಂದ ನೆಲ ತಟ್ಟುತ್ತಿತ್ತು. ಗೌಡರ ಕಂಬಳಿ ಜಾರಿತು. ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದ. ಒಳಗೆ ಹೋಗಿ ಮಗುವನ್ನು ಎತ್ತಿಕೊಳ್ಳಲೂ ಇಲ್ಲ, ಹೊರಗೆ ಬರಲೂ ಇಲ್ಲ. ಅವನ ಬಾಯಿ ಮಾತ್ರ ಅಲ್ಲಾಡುತ್ತಿತ್ತು, ತುಟಿ ಎಲೆ ಹಿಡಿದಾಗಿನ ಹಾಗೆ.

ಅವನ ತೋಳಿನ ಕೆಳಗಿನಿಂದ ಹೆಂಡತಿ ಹೊರಗೆ ಬಂದಳು. ಕಂಕುಳಲ್ಲಿ ಕೂಸು, ಕಿರುಚುತ್ತಲೇ ಇತ್ತು. ಗೌಡರನ್ನೂ ನನ್ನನ್ನೂ ಬಣವೆಗೆ ಒರಗಿಸಿಟ್ಟ ಸೌದೆಯೆಂಬಂತೆ ದಾಟಿ, ಬಂದೂಕಿನ ಮುಂದೆಯೇ ಹಾದು, ನೇರವಾಗಿ ಟ್ರಂಚಿನ ಈಚೆಯ ದಡಕ್ಕೆ ಹೋಗಿ ನಿಂತಳು. ಅವಳಿಗೂ ಅದಕ್ಕೂ ನಡುವೆ ಒಂದು ಮಾರು ಅಗಲದ ಹಳ್ಳ ಅಷ್ಟೇ. ಕೂಸನ್ನು ಎರಡೂ ಕೈಯಲ್ಲಿ ಹಿಡಿದು, ಕೂಸು ನೋಡಲು ಬಂದ ಅತ್ತೆಗೆ ತೋರಿಸುವ ಹಾಗೆ, ಅದರ ಕಡೆ ಎತ್ತಿ ಹಿಡಿದಳು.

"ಇದು ನಿಂದಲ್ಲ ಕಣವ್ವ," ಎಂದಳು. "ನೋಡು. ಸರಿಯಾಗಿ ನೋಡ್ಕ. ಇದು ನಂದು. ನಿಂದು ಇಲ್ಲಿಲ್ಲ."

ಅದು ಕೂಸನ್ನು ನೋಡಿತು. ಕೂಸು ಅಳುತ್ತಲೇ ಇತ್ತು. ಅವಳ ಕೈ ಇಳಿಯಲಿಲ್ಲ. ಗೌಡರು ಬಂದೂಕನ್ನು ಯಾವಾಗ ಇಳಿಸಿದರೋ ನಾನು ಕಾಣೆ. ನೋಡುವಷ್ಟರಲ್ಲಿ ಕಂಬಳಿಯನ್ನು ಅದರ ಮೇಲೆ ಎಳೆದುಕೊಳ್ಳುತ್ತಿದ್ದರು. ಕಾಡುಕುರಿ ಒಂದು ಸಲ ಬೊಗಳಿತು, ಒಣ ದನಿಯಲ್ಲಿ. ಆಮೇಲೆ ತಿರುಗಿತು. ಬೇರೆ ಕಾಡಾಗಿದ್ದರೆ ಎರಡು ನೆಗೆತಕ್ಕೆ ಮರೆಯಾಗುತ್ತಿತ್ತು. ಇಲಾಖೆಯವರು ಮರಗಳನ್ನು ಅಷ್ಟು ನೇರವಾಗಿ ನೆಟ್ಟಿದ್ದರಿಂದ ಎರಡು ಸಾಲಿನ ನಡುವೆ ಅದು ನಡೆದು ಹೋಗುವುದು, ನಿಂತು ಹಿಂದಿರುಗಿ ನೋಡುವುದು, ಮತ್ತೆ ನಡೆಯುವುದು ಕತ್ತಲಾಗುವವರೆಗೂ ಕಾಣುತ್ತಿತ್ತು. ನಾವು ಯಾರೂ ಮೊದಲು ಕದಲಲು ಒಪ್ಪಲಿಲ್ಲ.

ಕಿವಿಗೆ ಔಷಧಿ ಬಿಟ್ಟದ್ದು ಆಮೇಲೆ. ಬೀಗರಿಗೆ ಗೌಡರು ಕೋಳಿ ಕೊಯ್ದರು.

ತಿಂಗಳೊಳಗೆ ಅವರು ಮನೆ ಬಿಟ್ಟರು. ಅವಳ ತೌರು ಹೊಳೆಸಾಲು, ಸುತ್ತ ಗದ್ದೆ. ಒಂದು ಮರ ಬೇಕಾದರೂ ಹುಡುಕಬೇಕು. ಗಾಡಿಗೆ ಸಾಮಾನು ಹೇರುವಾಗ ಅಜ್ಜ ಬಂದು ಕೂಸನ್ನು ಕೊನೆಯ ಸಲ ಎತ್ತಿಕೊಂಡ. "ಕಿವಿ ಒಣಗೈತೆ," ಎಂದಷ್ಟೇ ಹೇಳಿದ. ಗೌಡರು ಮನೆಯಿಂದ ಹೊರಗೆ ಬರಲಿಲ್ಲ, ಆದರೆ ಗಾಡಿ ಅವರದೇ.

ನನಗೂ ವರ್ಗವಾಯಿತು, ಜಗಳೂರಿಗೇ. ನೆಟ್ಟ ಕಾಡಿನಿಂದ ನೆಡದ ಕಾಡಿಗೆ ಬಂದೆ.

ಎಂಬತ್ತರ ದಶಕ ಶುರುವಾದ ಮೇಲೆ ಯಾವುದೋ ಮದುವೆಗೆಂದು ಹೋದವನು ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಗಡ್ಡವಿಲ್ಲದ ಅವನನ್ನು ನಾನು ಗುರುತಿಸಲಿಲ್ಲ. ಅವನೇ ಬಂದು ಕೈ ಮುಗಿದ. ಹೆಂಡತಿ ಬಿದಿರ ಬುಟ್ಟಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಮಗಳಿಗೆ ಐದಾರು ವರ್ಷ. ಒಂದು ಗಳಿಗೆ ನಿಂತಲ್ಲಿ ನಿಲ್ಲದ ಹುಡುಗಿ.

"ಮೇಷ್ಟ್ರ ಕಂಕುಳಲ್ಲಿ ಕೂತು ಹದಿನೇಳರ ಮಗ್ಗಿ ಕಲ್ತೋಳು ನೀನೇ," ಎಂದು ಅವನು ಅವಳಿಗೆ ನನ್ನನ್ನು ಪರಿಚಯಿಸಿದ.

"ಸುಳ್ಳು," ಎಂದಿತು ಹುಡುಗಿ. "ನಂಗೆ ಎರಡರ ಮಗ್ಗೀನೇ ಬರಲ್ಲ."

"ಹೆಂಗಿದಾಳವ್ವ?" ಎಂದು ನಾನು ತಾಯಿಯನ್ನು ಕೇಳಿದೆ.

"ನೋಡ್ರಲ್ಲ, ಹಿಂಗೈತೆ. ಬಾಯಿ ಮುಚ್ಚಾಕಿಲ್ಲ," ಎಂದು ಅವಳು ನಕ್ಕಳು.

ಕಡಲೆಕಾಯಿಯವನು ಹಾದುಹೋದ. ಹುಡುಗಿ ಅವನ ಹಿಂದೆ ಓಡಿ, ಮೆಟ್ಟಿಲು ಎಡವಿ, ಮೊಳಕಾಲು ಊರಿ ಬಿದ್ದಳು. ಇಡೀ ಸ್ಟ್ಯಾಂಡು ತಿರುಗಿ ನೋಡುವ ಹಾಗೆ ಅಳತೊಡಗಿದಳು. ತಾಯಿ ಬುಟ್ಟಿ ಬಿಟ್ಟು ಎದ್ದಳು, ಕಂಡಕ್ಟರೊಬ್ಬ ಕೈ ಚಾಚಿದ, ನಾನೂ ಎರಡು ಹೆಜ್ಜೆ ಮುಂದೆ ಹೋದೆ.

ಅವನು ಮಗಳ ಕಡೆ ನೋಡಲಿಲ್ಲ. ಬೆನ್ನು ತಿರುಗಿಸಿ, ಸ್ಟ್ಯಾಂಡಿನ ಹಿಂಭಾಗವನ್ನು, ಹೊಳೆಯ ಕಡೆಗಿನ ಬಯಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡುತ್ತಿದ್ದ. ಅಲ್ಲಿ ಎಮ್ಮೆಯೊಂದು ಬಾಳೆಸಿಪ್ಪೆ ತಿನ್ನುತ್ತಾ ನಿಂತಿತ್ತು. ಅಳು ಕೇಳಿ ಅದು ತಲೆಯೆತ್ತಿತು. ಅದು ಮತ್ತೆ ತಲೆ ತಗ್ಗಿಸಿ ಸಿಪ್ಪೆಗೆ ಬಾಯಿ 
ಹಾಕುವವರೆಗೂ ಅವನು ಅಲುಗಾಡದೆ ಕಾದ. ಆಮೇಲೆ ಹೋಗಿ ಮಗಳನ್ನು ಎತ್ತಿಕೊಂಡ.